ಮೊದಲ ಮಳೆಗಾಲ ಮುಗಿಯಿತು, ಈಗ ಧನ್ಯವಾದ ಹೇಳುತ್ತೇನೆ

ನಮ್ಮ ಪೋಡಿನ, ಅಂದರೆ ಕಾಡಿನ ನಡುವಿನ ಸೋಲಿಗರ ಹಾಡಿಯ, ಕಿರಿಯ ಪ್ರಾಥಮಿಕ ಶಾಲೆಯ ಹೊಸ ಕಟ್ಟಡ ಮೊದಲ ಮಳೆಗಾಲ ದಾಟಿತು. ಎಲ್ಲೂ ಸೋರಲಿಲ್ಲ. ಉದ್ಘಾಟನೆಯ ದಿನವೇ ನಾಲ್ಕು ಮಾತು ಬರೆಯಿರಿ ಮೇಷ್ಟ್ರೇ ಅಂತ ಕೆಲವರು ಹೇಳಿದ್ದರು. ಮಳೆ ನೋಡಿ ಬರೆಯೋಣ ಅಂತ ಸುಮ್ನಿದ್ದೆ.

ಮಲೆ ಮಹದೇಶ್ವರ ಬೆಟ್ಟದ ಕಡೆ ಕೆಲಸ ಮಾಡುತ್ತಾ ದಾನಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಒಳ್ಳೆಯ ಮನಸ್ಸಿನವರೇ. ಆದರೆ ಕರೆಂಟ್ ಇಲ್ಲದ ಕಡೆ ಕಂಪ್ಯೂಟರ್ ಕೋಣೆ ಬಂದಿದೆ. ನೀರಿಲ್ಲದ ಕಡೆ ಟೈಲ್ಸ್ ಹಾಕಿದ ಶೌಚಾಲಯ ಬಂದಿದೆ, ಈಗ ಅದರ ತುಂಬಾ ಸೌದೆ. ಒಂದು ಶಾಲೆಯ ಗೋಡೆಗೆ ರೈಲಿನ ಬೋಗಿ ಬರೆಸಿ ಹೋದರು. ಚೆಂದವಾಗಿಯೇ ಇತ್ತು. ಆ ವರ್ಷ ಅಲ್ಲಿ ಎರಡನೇ ಮೇಷ್ಟ್ರೇ ಇರಲಿಲ್ಲ.

ಹಾಗಾಗಿ ಶಾಲೆ ಕಟ್ಟಿಸಿಕೊಡುತ್ತೇವೆ ಅಂತ ಬೆಂಗಳೂರಿನ ಗೆಳೆಯರ ಬಳಗದವರು ನಕ್ಷೆ ಹಿಡಿದು ಬಂದಾಗ ನನಗೆ ಜಾಸ್ತಿ ಆಸೆಯೇನೂ ಹುಟ್ಟಲಿಲ್ಲ. ಆದರೆ ಅವರು ನಕ್ಷೆ ಬದಿಗಿಟ್ಟು ಪೋಡಿನ ಯಜಮಾನರ ಜಗಲಿಯಲ್ಲಿ ಕೂತರು. ಯಜಮಾನರು ಮೊದಲು ಕೇಳಿದ್ದೇ, "ಅಕ್ಕಿ ಎಲ್ಲಿ ಇಡ್ತೀರಿ?" ಬಿಸಿಯೂಟದ ಅಕ್ಕಿಯ ವಾಸನೆ ಸಿಕ್ಕರೆ ಆನೆ ಗೋಡೆ ಒಡೆಯುತ್ತದೆ. ನಕ್ಷೆಯಲ್ಲಿ ಉಗ್ರಾಣ ತರಗತಿಗೆ ಅಂಟಿಕೊಂಡಿತ್ತು, ಅದರ ಕಿಟಕಿ ಕಾಡಿನ ಕಡೆಗೆ. ಈಗ ಉಗ್ರಾಣ ಬೇರೆಯಾಗಿ, ದೂರದಲ್ಲಿದೆ. ಆನೆ ಬಂದರೂ ಮಕ್ಕಳ ಕೋಣೆ ಉಳಿಯುತ್ತದೆ. ಯಜಮಾನರಿಗೆ ಮೊದಲ ನಮಸ್ಕಾರ.

ಎರಡನೆಯದು, ಕಾದಿದ್ದಕ್ಕೆ. ಕಾಡಿನ ಜಾಗದಲ್ಲಿ ಶಾಲೆ ಕಟ್ಟುವ ಹಾಗೇ ಇಲ್ಲ ಅಂತ ಎಷ್ಟೋ ಜನ ತಿಳಿದಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಸೆಕ್ಷನ್‌ನಲ್ಲಿ ಇದಕ್ಕೆ ದಾರಿ ಇದೆ. ಜಾಗ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು. ಹೆಕ್ಟೇರಿಗೆ 75ಕ್ಕಿಂತ ಜಾಸ್ತಿ ಮರ ಕಡಿಯಬಾರದು. ಗ್ರಾಮಸಭೆ ಶಿಫಾರಸು ಮಾಡಬೇಕು. ಶಾಲೆ ಸರ್ಕಾರವೇ ನಡೆಸುವಂಥದ್ದಾಗಿರಬೇಕು. ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಎಷ್ಟೋ ದಾನಿಗಳು ರಸ್ತೆ ಬದಿಯ ಬೇರೆ ಊರು ಹುಡುಕಿಕೊಳ್ಳುತ್ತಾರೆ. ಅವರ ಆರ್ಥಿಕ ವರ್ಷ ಮಾರ್ಚ್‌ಗೆ ಮುಗಿಯುತ್ತದಲ್ವಾ? ಈ ಬಳಗದವರು ಹೋಗಲಿಲ್ಲ. ಗ್ರಾಮಸಭೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತರು, ಮಾತಾಡಲಿಲ್ಲ. ಮರವನ್ನಂತೂ ಒಂದೂ ಕಡಿಯಲಿಲ್ಲ.

ಒಂದು ಜಗಳವೂ ಆಯಿತು, ಬರೆಯುತ್ತೇನೆ. ಒಂದು ಕಂಪನಿಯವರು ಕಬ್ಬಿಣದ ಡೆಸ್ಕು ಕೊಡುತ್ತೇವೆ ಅಂದರು. ಬೇಡ ಅಂದೆ. ಕೊಡೋರಿಗೆ ಬೇಡ ಅಂತೀರಾ ಅಂತ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಿಗೆ ಸಿಟ್ಟು ಬಂತು. ನಮ್ಮದು ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂತು ಕಲಿಯುತ್ತಾರೆ. ಗೋಡೆಯ ಕೆಳಭಾಗದಲ್ಲಿ ಅವರ ಕೈಗೆಟುಕುವ ಕರಿಹಲಗೆ ಬೇಕು. ಡೆಸ್ಕು ಬಂದರೆ ಕೋಣೆ ತುಂಬುತ್ತದೆ, ಹಲಗೆ ಅದರ ಹಿಂದೆ ಮುಚ್ಚಿಹೋಗುತ್ತದೆ. ಬಳಗದವರು ನನ್ನ ಕಡೆ ನಿಂತರು. ಕಾಡಿನಲ್ಲಿ ಹಬ್ಬಿರುವ ಲಂಟಾನ ಕಳೆಯ ಕಡ್ಡಿಯಿಂದ ಪೀಠೋಪಕರಣ ಮಾಡುವ ಸೋಲಿಗರು ನಮ್ಮ ಬೆಟ್ಟದಲ್ಲೇ ಇದ್ದಾರೆ. ಗಿಡ್ಡ ಮೇಜುಗಳನ್ನು ಅವರಿಂದಲೇ ಮಾಡಿಸಿದರು. ಅಧ್ಯಕ್ಷರು ಈಗ ಬಂದವರಿಗೆಲ್ಲ ಮೊದಲು ಆ ಮೇಜುಗಳನ್ನೇ ತೋರಿಸುತ್ತಾರೆ.

ಫೋಟೋದಲ್ಲಿ ಇಲ್ಲದವರ ಬಗ್ಗೆ ಹೇಳಬೇಕು. ಸಿಮೆಂಟ್ ಕೆಲಸಕ್ಕೆ ದಿನಾ ನೀರು ಹಾಯಿಸಬೇಕು. ಕೆಲಸ ನಡೆದದ್ದು ಬೇಸಿಗೆಯಲ್ಲಿ. ಹಳ್ಳದಿಂದ ಆ ನೀರು ಹೊತ್ತವರು ಪೋಡಿನ ಹೆಂಗಸರು. ತಾರಸಿಯಲ್ಲಿ ಬಿರುಕಿಲ್ಲ ಅಂದರೆ ಅದಕ್ಕೆ ಅವರೇ ಕಾರಣ. ಕಲ್ಲಿನ ದಾರಿಯಲ್ಲಿ ಮರಳು ತಂದ ಟ್ರ್ಯಾಕ್ಟರ್ ಡ್ರೈವರ್, ಮರದಡಿಯಲ್ಲಿ ಒಲೆ ಹೂಡಿ ಒಂದು ದಿನವೂ ಊಟ ತಪ್ಪಿಸದ ಅಡುಗೆ ಅಕ್ಕ, ಎಲ್ಲರಿಗೂ ಕೈಮುಗಿದೆ.

ಇನ್ನು ಕಟ್ಟಡಕ್ಕಿಂತ ದೊಡ್ಡ ಉಪಕಾರ ಒಂದಿದೆ. 30 ಮಕ್ಕಳವರೆಗಿನ ಶಾಲೆಗೆ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಅನುದಾನ ವರ್ಷಕ್ಕೆ 10,000 ರೂಪಾಯಿ. ಸೀಮೆಸುಣ್ಣದಿಂದ ರಿಪೇರಿಯವರೆಗೆ ಅದರಲ್ಲೇ ಆಗಬೇಕು. ಬಳಗದವರು ಕೂಡಿಸಿದ ದುಡ್ಡಿನಲ್ಲಿ ಒಂದು ಪಾಲನ್ನು ಮುಂದಿನ ವರ್ಷಗಳ ರಿಪೇರಿಗೆ ಎತ್ತಿಟ್ಟಿದ್ದಾರೆ. ಪಿಯುಸಿ ಮುಗಿಸಿದ ನಮ್ಮ ಪೋಡಿನ ಹುಡುಗಿಯೊಬ್ಬಳಿಗೆ ಗೌರವಧನವನ್ನೂ ಕೊಡುತ್ತಿದ್ದಾರೆ. ಒಂದನೇ ತರಗತಿಯ ಮಕ್ಕಳು ಮನೆಯಲ್ಲಿ ಆಡುವುದು ಸೋಲಿಗ ನುಡಿ. ನಾನು ಎರಡು ಸಲ ಹೇಳಿದರೂ ಮಿಕಿಮಿಕಿ ನೋಡುವ ಮಕ್ಕಳು ಅವಳು ಒಂದು ಮಾತು ಆಡಿದರೆ ಎದ್ದು ಬಂದು ಹಲಗೆಯ ಮೇಲೆ ಬರೆಯುತ್ತಾರೆ. ಇದಕ್ಕೆ ಉದ್ಘಾಟನೆಯ ಕಲ್ಲು ಹಾಕುವ ಹಾಗಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಖರ್ಚಿನ ಲೆಕ್ಕವನ್ನು ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸಿದ್ದೇವೆ, ಯಾರು ಬೇಕಾದರೂ ಬಂದು ನೋಡಬಹುದು. ಬರುವುದಾದರೆ ಪಾಠ ನಡೆಯುವ ದಿನವೇ ಬನ್ನಿ, ಮೊದಲೇ ತಿಳಿಸಿ. ಚಾಕೊಲೇಟು, ಬ್ಯಾಗು ತರಬೇಡಿ. ಸೋಲಾರ್ ರಿಪೇರಿ ಗೊತ್ತಿರುವವರು ಯಾರಾದರೂ ಇದ್ದರೆ ಖಂಡಿತ ಬನ್ನಿ. ಬ್ಯಾಟರಿ ಈಗಲೇ ಸ್ವಲ್ಪ ತೊಂದರೆ ಕೊಡುತ್ತಿದೆ.