ಶಾಸಕರೇ, ಆ ಮಾತ್ರೆ ಒಂದು ದಿನವೂ ತಪ್ಪಬಾರದು

ಮಾನ್ಯ ಶಾಸಕರಿಗೆ, ಕೊಪ್ಪಳ ಜಿಲ್ಲೆಯ ನಿಮ್ಮದೇ ಮತದಾರಳ ನಮಸ್ಕಾರಗಳು.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನನ್ನ ಕ್ಯಾನ್ಸರ್‌ಗೆ ಬೇಕಾದ ಇಮ್ಯಾಟಿನಿಬ್ ಮಾತ್ರೆ ನಮ್ಮ ಜಿಲ್ಲೆಯಲ್ಲೇ, ಇಡೀ ತಿಂಗಳಿಗೆ ಆಗುವಷ್ಟು, ತಪ್ಪದೆ ಸಿಗಬೇಕು. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಈಗ ಎಲ್ಲರ ಎದುರು ಬರೆಯುತ್ತಿದ್ದೇನೆ.

ನಾನು ಮನೆಯಲ್ಲೇ ಹೊಲಿಗೆ ಹಾಕುವವಳು. ನನಗಿರುವುದು ಸಿಎಂಎಲ್ ಅನ್ನುವ ರಕ್ತದ ಕ್ಯಾನ್ಸರ್. ದಿನಾ 400 ಮಿಲಿಗ್ರಾಂ ಮಾತ್ರೆ, ಊಟ ಆದ ಮೇಲೆ ದೊಡ್ಡ ಲೋಟ ನೀರಿನ ಜೊತೆ. ಅಷ್ಟೇ ಚಿಕಿತ್ಸೆ. ಕಣ್ಣಿನ ಸುತ್ತ ಊತ ಬರುತ್ತೆ, ಕಾಲು ಸೆಳೆಯುತ್ತೆ. ಮಷೀನ್ ತುಳಿಯುವವರಿಗೆ ಕಾಲು ಸೆಳೆತ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾ? ಅದನ್ನಾದರೂ ತಡೆದುಕೊಂಡೇನು. ತಡೆಯಲಾಗದ್ದು ಔಷಧಿ ಕೌಂಟರ್‌ನ "ಸ್ಟಾಕ್ ಇಲ್ಲ" ಅನ್ನೋ ಮಾತು.

ಹೋದ ಸಲ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೂ ಜಾಸ್ತಿ ಆಯಿತು. ಕೌಂಟರ್‌ನಲ್ಲಿದ್ದಾತ ಚೀಟಿ ನೋಡಿದ, ನನ್ನ ತಲೆ ನೋಡಿದ. "ಕ್ಯಾನ್ಸರ್ ಅಂತೀರಿ, ತಲಿ ತುಂಬ ಕೂದ್ಲ ಅದಾವಲ್ರೀ? ಪೇಷಂಟ್‌ನ ಕರ್ಕೊಂಡ್ ಬರ್ರಿ" ಅಂದ. ನಾನೇ ಪೇಷಂಟ್ ಅಂದೆ. ನಂಬಲಿಲ್ಲ. ಸಾಲಿನಲ್ಲಿ ನಿಂತವರೆಲ್ಲ ನನ್ನ ಜಡೆ ನೋಡಿದರು. ಡಾಕ್ಟರ್ ಬಂದು ಹೇಳಿದ ಮೇಲೆ ಹತ್ತು ಮಾತ್ರೆ ಕೈಗಿಟ್ಟು, ಉಳಿದದ್ದು ಹೊರಗೆ ತಗೊಳ್ಳಿ ಅಂದರು. ಕೂದಲು ಉದುರದ ತಪ್ಪಿಗೆ ನಾನು ಇನ್ನೆಷ್ಟು ಜನರ ಮುಂದೆ ನಿಲ್ಲಬೇಕು, ಸಾಹೇಬ್ರೇ? ಬೋಳಿಸಿಕೊಂಡು ಬಂದರೆ ಪೂರ್ತಿ ಮೂವತ್ತು ಕೊಡುತ್ತೀರಾ?

ಕೂದಲು ಉದುರಿಸುವುದು ಕೀಮೋ. ಅದು ಬೇಗ ಬೆಳೆಯುವ ಕೋಶಗಳನ್ನೆಲ್ಲ ಹೊಡೆಯುತ್ತದೆ, ಕೂದಲಿನ ಬುಡವನ್ನೂ ಬಿಡುವುದಿಲ್ಲ. ಈ ಮಾತ್ರೆಗೆ ಗುರಿ ಬೇರೆ. ನನ್ನ ಕಾಯಿಲೆಯ ಕೋಶಗಳಲ್ಲಿ 9 ಮತ್ತು 22ನೇ ಕ್ರೋಮೋಸೋಮ್‌ಗಳು, ಅಂದರೆ ವಂಶವಾಹಿಗಳಿರುವ ಎಳೆಗಳು, ತುಂಡುಗಳನ್ನು ಅದಲುಬದಲು ಮಾಡಿಕೊಂಡಿವೆ. ಅದರಿಂದ ಹುಟ್ಟಿದ ಬಿಸಿಆರ್-ಎಬಿಎಲ್ ಅನ್ನುವ ಪ್ರೋಟೀನ್ "ಎರಡಾಗು, ಎರಡಾಗು" ಅಂತ ಕೋಶಕ್ಕೆ ಸಂಕೇತ ಕೊಡುತ್ತಲೇ ಇರುತ್ತದೆ. 2024ರ ಆಗಸ್ಟ್‌ನಲ್ಲಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕಿತ್ತುಹೋದಾಗ ನೀರು ಹಗಲು ರಾತ್ರಿ ಹರಿಯಿತಲ್ಲ, ಹಾಗೆ. ಆ ಪ್ರೋಟೀನಿನಲ್ಲಿ ಎಟಿಪಿ ಅನ್ನುವ ಕೋಶದ ಇಂಧನ ಬಂದು ಕೂರುವ ಜಾಗದಲ್ಲಿ ಈ ಮಾತ್ರೆ ಹೋಗಿ ಕೂರುತ್ತದೆ. ಸಂಕೇತ ನಿಲ್ಲುತ್ತದೆ. ಅವತ್ತು ನೀರು ತಡೆಯಲು ಡ್ಯಾಮಿಗೆ ಇಳಿಸಿದ ತಾತ್ಕಾಲಿಕ ಗೇಟು, ಅದೇ ಸ್ಟಾಪ್‌ಲಾಗ್, ಅಂದುಕೊಳ್ಳಿ. ಆಗ ದೊಡ್ಡವರೆಲ್ಲ ಓಡೋಡಿ ಬಂದಿದ್ದರು, ವಾರದಲ್ಲಿ ಕೆಲಸ ಮುಗಿದಿತ್ತು. ನನ್ನ ಸ್ಟಾಪ್‌ಲಾಗ್ ಆದ ಈ ಮಾತ್ರೆಗೆ ಮಾತ್ರ ಇಂಡೆಂಟ್ ಹಾಕಿದ್ದೇವೆ, ಬೇಡಿಕೆ ಕಳಿಸಿದ್ದೇವೆ ಅನ್ನುತ್ತಾರೆ.

ಮಾತ್ರೆ ಬಿಟ್ಟು ಬಿಟ್ಟು ತಗೊಂಡರೆ ಕಾಯಿಲೆ ಮತ್ತೆ ತಲೆ ಎತ್ತುತ್ತದೆ. ಆ ಪ್ರೋಟೀನ್ ರೂಪ ಬದಲಿಸಿಕೊಂಡರೆ ಮಾತ್ರೆಗೆ ಬಗ್ಗುವುದಿಲ್ಲ. ಟಿ315ಐ ಅನ್ನುವ ಬದಲಾವಣೆಯಂತೂ ಇದೇ ಕಾಯಿಲೆಯ ಬೇರೆ ಮಾತ್ರೆಗಳಾದ ಡಸಾಟಿನಿಬ್, ನಿಲೋಟಿನಿಬ್‌ಗೂ ಜಗ್ಗದು. ಆಮೇಲೆ ಬೇಕಾಗುವ ಔಷಧಿಗೆ ಹೊಲಿಗೆ ಮಷೀನ್ ಮಾರಿದರೂ ಸಾಲದು. ಅದಕ್ಕೇ ಹೇಳುತ್ತಿದ್ದೇನೆ, ಮಾತ್ರೆ ತಪ್ಪಬಾರದು.

ನಿಯಮಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇಮ್ಯಾಟಿನಿಬ್ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಬಿಪಿಎಲ್ ಕುಟುಂಬಕ್ಕೆ ಆರೋಗ್ಯ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿಯ ಬಗ್ಗೆ ನೀವು ಭಾಷಣವನ್ನೇ ಮಾಡುತ್ತೀರಿ. ಈ ಔಷಧಿಗೆ ಪೇಟೆಂಟ್ ಬೇಕು ಅಂತ ನೋವಾರ್ಟಿಸ್ ಕಂಪನಿ ಹಾಕಿದ ಕೇಸನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಅವರ ಮಾತ್ರೆಗೆ ತಿಂಗಳಿಗೆ ಲಕ್ಷ ರೂಪಾಯಿಗೂ ಜಾಸ್ತಿ ಇತ್ತು. ಇವತ್ತು ನಮ್ಮ ದೇಶದ ಕಂಪನಿಗಳೇ ಅದರ ಸಣ್ಣ ಪಾಲಿನ ಬೆಲೆಗೆ ಮಾಡುತ್ತವೆ. ದೆಹಲಿಯಲ್ಲಿ ಗೆದ್ದ ಮಾತ್ರೆ ಕೊಪ್ಪಳಕ್ಕೆ ಬರಲು ದಾರಿ ಕಾಣದೆ ನಿಂತಿದೆಯಾ?

ಇನ್ನೊಂದು. ಮಾತ್ರೆ ಕೆಲಸ ಮಾಡುತ್ತಿದೆಯಾ ಅಂತ ನೋಡುವ ಪಿಸಿಆರ್ ಪರೀಕ್ಷೆಗೆ ಮೂರು ತಿಂಗಳಿಗೊಮ್ಮೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುತ್ತೇನೆ. ರಕ್ತ ಒಂದೇ ಹೋದರೆ ಸಾಕಲ್ವಾ? ಸುಮ್ನೆ ನಾನ್ಯಾಕೆ ಹೋಗಬೇಕು? ಇಲ್ಲೇ ರಕ್ತ ತೆಗೆದು ಕಳಿಸುವ ಏರ್ಪಾಡು ಮಾಡಿಸಿ.

ಮೂವತ್ತು ಮಾತ್ರೆ, ಪ್ರತಿ ತಿಂಗಳು, ಜಿಲ್ಲೆಯಲ್ಲೇ. ಇದಕ್ಕಿಂತ ದೊಡ್ಡದು ಏನನ್ನೂ ಕೇಳುತ್ತಿಲ್ಲ. ಉತ್ತರ ಬರೆದರೆ "ಪರಿಶೀಲಿಸಲಾಗುವುದು" ಅಂತ ಬರೆಯಬೇಡಿ, ಅಂಥ ಪತ್ರ ನನ್ನ ಹತ್ತಿರ ಬೇಕಾದಷ್ಟಿವೆ. ಸ್ಟಾಕ್ ಯಾವ ತಾರೀಖಿಗೆ ಬರುತ್ತದೆ, ಅದನ್ನು ಬರೆಯಿರಿ.

ಇಂತಿ,
ತಲೆ ತುಂಬ ಕೂದಲಿರುವ ನಿಮ್ಮ ಕ್ಷೇತ್ರದ ಕ್ಯಾನ್ಸರ್ ರೋಗಿ