‘ದೇವರನ್ನು ಮಾಡಿದ್ದು ಯಾರು?’ ಅಂದರೆ ತಪ್ಪೇನು?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಮ್ಮ ಬಡಾವಣೆಯಲ್ಲಿ ಒಂದು ಉಪನ್ಯಾಸ ಇತ್ತು. ಭಾಷಣಕಾರರು ವೇದಮಂತ್ರದಿಂದ ಶುರು ಮಾಡಿ ಚೆನ್ನಾಗಿಯೇ ಮಾತಾಡಿದರು. ‘ಕುಂಬಾರನಿಲ್ಲದೆ ಮಡಕೆ ಇಲ್ಲ. ಬ್ರಹ್ಮಾಂಡಕ್ಕೂ ಒಂದು ಶುರು ಇದೆ ಅಂತ ಈಗ ವಿಜ್ಞಾನಿಗಳೇ ಒಪ್ಪಿದ್ದಾರೆ. ಹಾಗಾದರೆ ಮಾಡಿದವನೂ ಇರಲೇಬೇಕು. ನಂಬದವರು ಮೊಂಡರು’ ಎಂದರು. ಚಪ್ಪಾಳೆ ಬಿತ್ತು. ಆಗ ನಮ್ಮ ಪಕ್ಕದ ಮನೆಯ ಹುಡುಗಿ, ಒಂಬತ್ತನೇ ಕ್ಲಾಸು, ಎದ್ದು ನಿಂತಳು. ‘ಹಾಗಾದ್ರೆ ದೇವರನ್ನು ಮಾಡಿದ್ದು ಯಾರು ಸಾರ್?’ ಎಂದು ಕೇಳಿದಳು. ‘ಅಧಿಕಪ್ರಸಂಗ ಮಾಡಬೇಡ, ಕೂತ್ಕೋ’ ಎಂಬ ಉತ್ತರ ಬಂತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಮಂಡಕ್ಕಿ, ಮೆಣಸಿನಕಾಯಿ ಹಂಚಿದರು. ಅವಳು ಮುಟ್ಟಲಿಲ್ಲ.

ನಾನು ವಿಜ್ಞಾನಿಯಲ್ಲ. ಚಿತ್ರದುರ್ಗದಲ್ಲಿ 30 ವರ್ಷ ರೇಡಿಯೊ, ಟಿವಿ ರಿಪೇರಿ ಮಾಡಿದವನು. ನಾಸ್ತಿಕನೂ ಅಲ್ಲ. ಕೋಟೆ ಹತ್ತಿ ಏಕನಾಥೇಶ್ವರಿಗೆ ಕೈ ಮುಗಿದು ಬರುವುದನ್ನು ಮೊಣಕಾಲು ನೋವು ಶುರುವಾದ ಮೇಲೂ ಬಿಟ್ಟಿಲ್ಲ. ಆದರೂ ಆ ಹುಡುಗಿಯ ಪ್ರಶ್ನೆ ಸರಿ ಇತ್ತು ಎಂದು ಹೇಳುವುದಕ್ಕೇ ಈ ಪತ್ರ.

ಮೊದಲು ಆ ಮಡಕೆಯನ್ನೇ ನೋಡೋಣ. ಚಿಕ್ಕವನಿದ್ದಾಗ ಕುಂಬಾರರ ಓಣಿಯಲ್ಲಿ ಗಂಟೆಗಟ್ಟಲೆ ಕೂತಿದ್ದೇನೆ. ಕೆರೆಯಿಂದ ಜೇಡಿಮಣ್ಣು ತರಬೇಕು. ಕಲ್ಲು ಆರಿಸಬೇಕು, ನೀರು ಹಾಕಿ ತುಳಿಯಬೇಕು. ತಿಗರಿ ತಿರುಗಬೇಕು, ಮಡಕೆ ಸುಡುವ ಆವಿಗೆ ಉರಿಯಬೇಕು. ಕುಂಬಾರ ಮಣ್ಣನ್ನು ಮಡಕೆ ಮಾಡುತ್ತಾನೆ, ಮಣ್ಣನ್ನೇ ಮಾಡುವುದಿಲ್ಲ. ನಾವು ಕೇಳುತ್ತಿರುವುದೋ ಮಣ್ಣು ಎಲ್ಲಿಂದ ಬಂತು, ತಿಗರಿ ತಿರುಗಲು ಬೇಕಾದ ಹೊತ್ತು ಎಲ್ಲಿಂದ ಬಂತು ಅಂತ. ಏನೂ ಇಲ್ಲದ ಕಡೆಯಿಂದ ಮಡಕೆ ಎತ್ತಿದ ಕುಂಬಾರನನ್ನು ನಾವ್ಯಾರೂ ನೋಡಿಲ್ಲ. ಇನ್ನು ಎಲ್ಲಕ್ಕೂ ಮಾಡಿದವನು ಬೇಕು, ದೇವರಿಗೆ ಮಾತ್ರ ಬೇಡ ಅಂದರೆ, ಆ ವಿನಾಯಿತಿಯನ್ನು ಬ್ರಹ್ಮಾಂಡಕ್ಕೇ ಕೊಡಲು ಏನು ಅಡ್ಡಿ? ಹುಡುಗಿ ಕೇಳಿದ್ದು ಅದನ್ನೇ, ಅಲ್ವಾ?

‘ಶುರುವಾದದ್ದಕ್ಕೆ ಮಾತ್ರ ಕರ್ತೃ ಬೇಕು, ದೇವರು ಅನಾದಿ’ ಅನ್ನುವವರಿದ್ದಾರೆ. ಇದು ಸ್ವಲ್ಪ ಗಟ್ಟಿ ವಾದ, ಒಪ್ಪುತ್ತೇನೆ. ಆದರೆ ಆಗ ಬ್ರಹ್ಮಾಂಡ ಏನೂ ಇಲ್ಲದ್ದರಿಂದ ಶುರುವಾಯಿತು ಅನ್ನುವುದು ಮೊದಲು ಖಾತ್ರಿಯಾಗಬೇಕು. ವಿಜ್ಞಾನಿಗಳು ಹೇಳುವುದು ಅಷ್ಟನ್ನಲ್ಲ. ಸುಮಾರು 1380 ಕೋಟಿ ವರ್ಷಗಳ ಹಿಂದೆ ಎಲ್ಲವೂ ವಿಪರೀತ ಬಿಸಿಯಾಗಿ, ಒತ್ತೊತ್ತಾಗಿ ಇತ್ತು, ಅಲ್ಲಿಂದ ಹಿಗ್ಗುತ್ತಾ ತಣ್ಣಗಾಗುತ್ತಾ ಬಂತು ಅನ್ನುತ್ತಾರೆ. ಇಷ್ಟಕ್ಕೆ ಸಾಕ್ಷಿ ಇದೆ. ಇನ್ನೂ ಹಿಂದೆ, ಮೊಟ್ಟಮೊದಲ ಗಳಿಗೆಗೆ ಹೋದರೆ ಐನ್‌ಸ್ಟೈನ್ ಸಮೀಕರಣಗಳೇ ಕೈಕೊಡುತ್ತವೆ. ಅದರಾಚೆ ಏನಿತ್ತು, ‘ಆಚೆ’ ಅನ್ನುವ ಮಾತಿಗೆ ಅರ್ಥ ಇದೆಯಾ, ಇನ್ನೂ ತೀರ್ಮಾನವಾಗಿಲ್ಲ.

ಆ ಸಾಕ್ಷಿ ಸಿಕ್ಕ ಕಥೆ ನನ್ನ ಕಸುಬಿಗೆ ಹತ್ತಿರದ್ದು. 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬಿಬ್ಬರು ವಿಜ್ಞಾನಿಗಳು ಕೊಂಬಿನ ಆಕಾರದ ದೊಡ್ಡ ಆಂಟೆನಾ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಏನು ಮಾಡಿದರೂ ಒಂದು ಗೊರಗೊರ ಹೋಗಲಿಲ್ಲ. ಯಾವ ದಿಕ್ಕಿಗೆ ತಿರುಗಿಸಿದರೂ ಅಷ್ಟೇ. ಒಳಗೆ ಪಾರಿವಾಳಗಳು ಸೇರಿಕೊಂಡಿದ್ದವು. ಅವನ್ನು ಓಡಿಸಿ, ಹಿಕ್ಕೆ ತೊಳೆದರು. ಆದರೂ ಹೋಗಲಿಲ್ಲ. ಈ ಪಾಡು ನನಗೆ ಗೊತ್ತು. ಕಾಗೆ ಕೂತು ಆಂಟೆನಾ ಕಡ್ಡಿ ಬಾಗಿರುತ್ತಿತ್ತು. ಮಾಳಿಗೆ ಮೇಲೆ ನಾನು ಪೈಪು ತಿರುಗಿಸುತ್ತಾ ‘ಬಂತಾ?’ ಅನ್ನುವುದು, ಕೆಳಗಿನಿಂದ ‘ಇಲ್ಲ, ಬರೀ ಚುಕ್ಕಿ’ ಅನ್ನುವುದು. ಅವರ ಗೊರಗೊರ ಮಾತ್ರ ಬ್ರಹ್ಮಾಂಡದ ಎಳೆ ವಯಸ್ಸಿನ ಬಿಸಿಯ ಉಳಿಕೆ ಎಂದು ಗೊತ್ತಾಯಿತು. ಈಗ ಅದು ಮೈನಸ್ 270 ಡಿಗ್ರಿಗೆ ಆರಿದೆ. 1978ರಲ್ಲಿ ಅವರಿಗೆ ನೊಬೆಲ್ ಬಂತು. ಹಳೇ ಟಿವಿಯಲ್ಲಿ ಚಾನೆಲ್ ಸಿಗದಿದ್ದಾಗ ಕುಣಿಯುತ್ತಿದ್ದ ಚುಕ್ಕಿಗಳಲ್ಲಿ ಸಣ್ಣದೊಂದು ಪಾಲು ಇದೇ. ನಾನು ಅದನ್ನು ಕಂಪ್ಲೇಂಟು ಅಂದುಕೊಂಡು ಗಿರಾಕಿಗಳ ಹತ್ತಿರ ದುಡ್ಡು ಇಸಿದುಕೊಂಡಿದ್ದೇನೆ!

ಬ್ರಹ್ಮಾಂಡ ಬಿಸಿಯಿಂದ ಹಿಗ್ಗುತ್ತಾ ಬಂತು ಅನ್ನುವ ಈ ಸಿದ್ಧಾಂತದ ಬೀಜ ಹಾಕಿದವರು ಯಾರು ಗೊತ್ತೇ? ಬೆಲ್ಜಿಯಂನ ಕ್ರೈಸ್ತ ಪಾದ್ರಿ ಜಾರ್ಜ್ ಲಮೇತ್ರ್. ಬ್ರಹ್ಮಾಂಡ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದರು. 1931ರಲ್ಲಿ, ಎಲ್ಲವೂ ಒಂದು ಆದಿ ಅಣುವಿನಿಂದ ಬಂತು ಎಂದರು. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಇದನ್ನೇ ಸೃಷ್ಟಿಕರ್ತನಿಗೆ ಪುರಾವೆ ಎಂಬಂತೆ ಭಾಷಣ ಮಾಡಿದಾಗ ಲಮೇತ್ರ್‌ಗೆ ಅದು ಹಿಡಿಸಲಿಲ್ಲ. ದಿನಾ ಪ್ರಾರ್ಥನೆ ಮಾಡುವ ಪಾದ್ರಿಯೇ ತನ್ನ ಲೆಕ್ಕವನ್ನು ದೇವರ ಸಾಕ್ಷಿಯಾಗಿ ತರಬೇಡಿ ಎಂದು ನಿಂತರು. ಇತ್ತ 1949ರಲ್ಲಿ ಬಿಬಿಸಿ ರೇಡಿಯೊದಲ್ಲಿ ಇದಕ್ಕೆ ‘ಬಿಗ್ ಬ್ಯಾಂಗ್’ ಎಂಬ ಹೆಸರಿಟ್ಟ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ನಾಸ್ತಿಕರು. ಅವರಿಗೆ ಆ ಸಿದ್ಧಾಂತದಲ್ಲಿ ಧರ್ಮದ ವಾಸನೆ ಬಡಿಯಿತು. ಕೊನೆಯವರೆಗೂ ಒಪ್ಪಲಿಲ್ಲ. ನಮ್ಮ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಈ ಹಾಯ್ಲ್ ಅವರ ಶಿಷ್ಯರೇ. ಇವರ ನಂಬಿಕೆ, ಅಪನಂಬಿಕೆ ಯಾವುದೂ ಜಗಳ ತೀರಿಸಲಿಲ್ಲ. ಆ ಗೊರಗೊರ ತೀರಿಸಿತು.

ನಂಬದವರು ಮೊಂಡರು ಎಂಬ ಮಾತಿಗೆ ಬರುತ್ತೇನೆ. ಜೈನರ ಪ್ರಕಾರ ಲೋಕವನ್ನು ಯಾರೂ ಮಾಡಿಲ್ಲ, ಅದು ಅನಾದಿ. ಆದರೆ ಅವರ ಉಪವಾಸದ ಮುಂದೆ ನನ್ನ ಏಕಾದಶಿ ಏನೂ ಅಲ್ಲ, ಉಪ್ಪಿಟ್ಟು ನಡೆಯುತ್ತೆ ನನಗೆ. ಯಜ್ಞಯಾಗವೇ ಮುಖ್ಯ ಎಂದ ಮೀಮಾಂಸಕರಿಗೂ ಸೃಷ್ಟಿಕರ್ತ ಬೇಕಾಗಲಿಲ್ಲ. ಋಗ್ವೇದದ ಹತ್ತನೇ ಮಂಡಲದ ನಾಸದೀಯ ಸೂಕ್ತ ನೋಡಿ. ಇದೆಲ್ಲ ಎಲ್ಲಿಂದ ಹುಟ್ಟಿತು, ಬಲ್ಲವರು ಯಾರು, ದೇವತೆಗಳೂ ಆಮೇಲೆ ಬಂದವರು ಎನ್ನುತ್ತದೆ. ಮೇಲಿಂದ ನೋಡುತ್ತಿರುವವನಿಗೆ ಗೊತ್ತಿರಬಹುದು, ಅವನಿಗೂ ಗೊತ್ತಿಲ್ಲದೆ ಇರಬಹುದು ಎಂದು ಮುಗಿಸುತ್ತದೆ. ಆ ಋಷಿಗೆ ಯಾರೂ ‘ಅಧಿಕಪ್ರಸಂಗ, ಕೂತ್ಕೋ’ ಅಂದಂತೆ ಕಾಣೆ.

ಬಿಗ್ ಬ್ಯಾಂಗ್ ಬಂತು, ದೇವರು ಹೋದ ಅನ್ನುವ ನನ್ನ ಗೆಳೆಯರೂ ಇದ್ದಾರೆ. ಅವರದ್ದೂ ಅವಸರವೇ. ನಾನು ಬೆಟ್ಟ ಹತ್ತುವುದು ಬ್ರಹ್ಮಾಂಡಕ್ಕೆ ರಸೀದಿ ಕೇಳಲು ಅಲ್ಲ.

ಮೊನ್ನೆ ಹುಡುಗಿಯನ್ನು ಅಂಗಡಿಗೆ ಕರೆದೆ. ಮೂಲೆಯಲ್ಲಿ ಒಂದು ಡಬ್ಬಾ ಟಿವಿ ಉಳಿದಿದೆ. ಧೂಳು ಒರೆಸಿ, ವೈರು ಕಿತ್ತು, ಆನ್ ಮಾಡಿದೆ. ಪರದೆ ತುಂಬಾ ಚುಕ್ಕಿ. ಮೂಗು ತಾಗುವಷ್ಟು ಹತ್ತಿರ ಹೋಗಿ ‘ಇದರಲ್ಲಿ ಯಾವುದು ಅಂಕಲ್ ಅಷ್ಟು ಹಳೇದು?’ ಎಂದಳು. ‘ಆರಿಸಿ ತೋರಿಸೋಕೆ ನನ್ನ ಕೈಲಿ ಆಗಲ್ಲಮ್ಮ’ ಎಂದೆ. ಸುಮಾರು ಹೊತ್ತು ನೋಡುತ್ತಾ ನಿಂತಿದ್ದಳು.

ಮುಂದಿನ ತಿಂಗಳು ಮತ್ತೊಂದು ಉಪನ್ಯಾಸ ಇದೆಯಂತೆ. ಸಂಘಟಕರು ದಯವಿಟ್ಟು ಕೊನೆಗೆ ಹತ್ತು ನಿಮಿಷ ಪ್ರಶ್ನೆಗೆ ಬಿಡಲಿ, ಮೈಕು ಅವಳ ಸಾಲಿನ ತನಕ ಹೋಗಲಿ. ಮೈಕ್ ಸೆಟ್ ಬಿಟ್ಟಿಯಾಗಿ ನಾನೇ ಸರಿ ಮಾಡಿಕೊಡುತ್ತೇನೆ. ಕಳೆದ ಸಲ ಗೊರಗೊರ ಸ್ವಲ್ಪ ಜಾಸ್ತಿ ಇತ್ತು.

– ಒಬ್ಬ ಟಿವಿ ರಿಪೇರಿಯವನು, ಚಿತ್ರದುರ್ಗ