ರೂಪಿನ್ ಪಾಸ್ ಚಾರಣ: ಒಂದು ದಿನ ಹೆಚ್ಚು, ದರವೂ ಹೆಚ್ಚು

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಮೇ ತಿಂಗಳಲ್ಲಿ ಹಿಮಾಲಯದ ರೂಪಿನ್ ಪಾಸ್ (ಬೆಟ್ಟಸಾಲು ದಾಟುವ ಎತ್ತರದ ದಾರಿ) ಚಾರಣಕ್ಕೆ ಈಗಾಗಲೇ ಮುಂಗಡ ಕಟ್ಟಿರುವವರಿಗೂ, ಕಟ್ಟಬೇಕೆಂದಿರುವವರಿಗೂ ಈ ಪತ್ರ. ಈ ವರ್ಷದಿಂದ ಚಾರಣಕ್ಕೆ ಒಂದು ದಿನ ಸೇರುತ್ತದೆ, ತಲಾ 2,400 ರೂಪಾಯಿ ಹೆಚ್ಚಾಗುತ್ತದೆ. ಆ ದಿನ ಇರುವುದು ನಡೆಯುವುದಕ್ಕಲ್ಲ, ಪಾಸ್ ಕೆಳಗಿನ ಶಿಬಿರದಲ್ಲಿ ಕಾಯುವುದಕ್ಕೆ. ಕಾಯುವುದಕ್ಕೂ ದುಡ್ಡು ಕೊಡಬೇಕೇ ಎಂದು ಕೇಳಿದವರಿಗೆ ಕಾರಣ ಹೇಳಬೇಕು.

ಎರಡು ವರ್ಷದ ಹಿಂದೆ ತಂಡದ ಜೊತೆ ನಾನೇ ಹೋಗಿದ್ದೆ. ರೂಪಿನ್ ಪಾಸ್ ಸುಮಾರು 4,650 ಮೀಟರ್ ಎತ್ತರದಲ್ಲಿದೆ. ಕೊನೆಗೆ ಹತ್ತಬೇಕಾದ್ದು ಹಿಮ ತುಂಬಿದ ಕಡಿದಾದ ಕೊರಕಲು. ಹಿಂದಿನ ದಿನ ಹೊಸ ಹಿಮ ಬಿದ್ದಿತ್ತು, ರಾತ್ರಿಯಿಡೀ ಮೋಡ. ಮಾರ್ಗದರ್ಶಕರು ಒಂದು ದಿನ ನಿಲ್ಲೋಣ ಅಂದರು. ದೆಹಲಿಯಿಂದ ರೈಲು ಬುಕ್ ಆಗಿದೆ ಎಂದು ತಂಡದವರು, ಇವರನ್ನು ನಿರಾಸೆಗೊಳಿಸುವುದು ಹೇಗೆಂದು ನಾನು, ಹೊರಟೇಬಿಟ್ಟೆವು. ಒಂಬತ್ತೂವರೆಗೆ ಕೊರಕಲಿನ ನಡುವೆ ಕಾಲು ಮೊಣಕಾಲವರೆಗೆ ಹೂತುಹೋಗುತ್ತಿತ್ತು. ಬಿಸಿಲು ಬಿದ್ದ ಬಂಡೆಯ ಬುಡದಿಂದ ನಿಂಬೆಹಣ್ಣಿನಷ್ಟು ಹಿಮದ ಉಂಡೆ ಉರುಳಿತು, ಬರುತ್ತ ಬರುತ್ತ ತೆಂಗಿನಕಾಯಿಯಷ್ಟಾಗಿ ನನ್ನ ಬೂಟಿನ ಪಕ್ಕದಲ್ಲೇ ಹಾದುಹೋಯಿತು. ಹಿಂದೆಯೇ ಇನ್ನೆರಡು. ಮಾರ್ಗದರ್ಶಕರು ಮಾತಿಲ್ಲದೆ ಕೈಸನ್ನೆಯಲ್ಲೇ ಎಲ್ಲರನ್ನೂ ಇಳಿಸಿದರು. ಏನೂ ಆಗಲಿಲ್ಲ. ಆದರೆ ಅಷ್ಟು ಜನರನ್ನು ಅಂದು ಅಲ್ಲಿಗೆ ಹತ್ತಿಸಿದ್ದು ನಮ್ಮ ತಪ್ಪು.

ಮೋಡವಿಲ್ಲದ ರಾತ್ರಿ ನೆಲದ ಕಾವೆಲ್ಲ ಮೇಲೆ ಹೋಗಿ ಬೆಳಗಿನ ಜಾವ ಚಳಿ ಕಡಿಯುತ್ತದೆ ಎಂಬುದನ್ನು ಕಾಫಿ ಕಣ ಕಾದವರಿಗೆ ಹೇಳಿಕೊಡಬೇಕಿಲ್ಲ. ಅಲ್ಲೂ ಅದೇ. ಹಗಲು ಕರಗಿದ ನೀರು ಅಂಥ ರಾತ್ರಿ ಹೆಪ್ಪುಗಟ್ಟಿ ಹಿಮವನ್ನು ಬಿಗಿಯುತ್ತದೆ. ಮೋಡ ಕವಿದರೆ ಕಂಬಳಿ ಹೊದಿಸಿದಂತೆ, ಹಿಮ ಬಿಗಿಯುವುದಿಲ್ಲ. ಬಿಸಿಲೇರಿದಾಗ ತನ್ನ ಭಾರಕ್ಕೆ ತಾನೇ ಜಾರುತ್ತದೆ. ಹೊಸ ಹಿಮ ಹಳೆಯ ಪದರಕ್ಕೆ ಕೂಡಿಕೊಳ್ಳಲೂ ಸಮಯ ಬೇಕು. ಬಿದ್ದ ಮೊದಲ 24ರಿಂದ 48 ಗಂಟೆ ಅಪಾಯ ಜಾಸ್ತಿ, ಗಾಳಿ ಅದನ್ನು ಒಂದು ಪಕ್ಕಕ್ಕೆ ಪೇರಿಸಿದ್ದರೆ ಇನ್ನೂ ಜಾಸ್ತಿ. ಹಲಗೆಯಂತೆ ಒಟ್ಟಿಗೇ ಜಾರುವ ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಜನ ಸಿಕ್ಕಿಬೀಳುವ ಕುಸಿತವಂತೂ ಬಹುಪಾಲು ಆ ತಂಡದವರ ಕಾಲಿನ ಭಾರಕ್ಕೇ ಆಗುತ್ತದೆ. ಹೂತವರನ್ನು ಕಾಲು ಗಂಟೆಯೊಳಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಉಳಿಯುವವರು ಕಡಿಮೆ. ಅಷ್ಟರಲ್ಲಿ ಅಲ್ಲಿಗೆ ಯಾವ ಹೆಲಿಕಾಪ್ಟರೂ ಬರುವುದಿಲ್ಲ.

2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕವರು ಪರ್ವತಾರೋಹಣ ಕಲಿಯುತ್ತಿದ್ದವರು, ಕಲಿಸುತ್ತಿದ್ದವರು. 29 ಜನ ಪ್ರಾಣ ಕಳೆದುಕೊಂಡರು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲದ ಹಿಮಗಾಳಿಗೆ ಸಿಕ್ಕಿ ನಮ್ಮ ರಾಜ್ಯದ 9 ಚಾರಣಿಗರು ತೀರಿಕೊಂಡರು. ಆಮೇಲೆ ನಮ್ಮ ಕಚೇರಿಗೆ ಬರುವ ತಂದೆತಾಯಂದಿರು ದರ ಕೇಳುವ ಮೊದಲು ಹವೆ ಕೆಟ್ಟರೆ ಏನು ಮಾಡುತ್ತೀರಿ ಎಂದು ಕೇಳುತ್ತಾರೆ.

ಮಾಡುವುದು ಇಷ್ಟು. ಬೆಳಗಿನ ಜಾವ ಮೂರೂವರೆಗೆ ಹೊರಟು, ಬಿಸಿಲು ಬೀಳುವ ಮುಂಚೆ ಕೊರಕಲು ಹತ್ತಿ ಮುಗಿಸುತ್ತೇವೆ. ಬೂಟಿನ ಹಿಮ್ಮಡಿಗೆ ಹಿಮ ಗಟ್ಟಿಯಾಗಿ ಸಿಗದಿದ್ದರೆ ಅಂದು ಹತ್ತುವುದಿಲ್ಲ. ಮರುದಿನವೂ ಹಾಗೇ ಇದ್ದರೆ ಬಂದ ದಾರಿಯಲ್ಲೇ, ಚಾರಣ ಶುರುವಾಗುವ ಧೌಲಾಕ್ಕೆ ವಾಪಸ್. ಅಲ್ಲಿ ಮಾರ್ಗದರ್ಶಕರ ಮಾತೇ ಕೊನೆ. ಪಾಸ್ ದಾಟಿಸಿದರೆ ಮಾತ್ರ ಅವರಿಗೆ ಕೊಡುತ್ತಿದ್ದ ಇನಾಮನ್ನು ನಿಲ್ಲಿಸಿ, ಅದನ್ನು ದಿನಗೂಲಿಗೆ ಸೇರಿಸಿದ್ದೇವೆ. ಬೇಡ ಅಂದವನ ಜೇಬಿಗೇ ಕತ್ತರಿ ಬೀಳುವ ಪದ್ಧತಿಯನ್ನು ಇಷ್ಟು ವರ್ಷ ಹೇಗೆ ನಡೆಸಿಕೊಂಡು ಬಂದೆವೋ! 2,400ರಲ್ಲಿ ಈ ಕೂಲಿಯ ಜೊತೆ ಒಂದು ದಿನದ ಊಟ, ಟೆಂಟು, ಹೇಸರಗತ್ತೆಯ ಬಾಡಿಗೆ ಸೇರಿದೆ.

ಪಾಸ್ ದಾಟದೆ ಮರಳಿದವರು ಮುಂದಿನ ವರ್ಷ ಬಂದರೆ ಸಂಘದ ಸೇವಾಶುಲ್ಕ ಇರುವುದಿಲ್ಲ, ಖರ್ಚಷ್ಟೇ ಕೊಟ್ಟರೆ ಸಾಕು. ಈ ಬದಲಾವಣೆ ಒಪ್ಪಿಗೆಯಾಗದವರಿಗೆ ಮಾರ್ಚ್ 31ರೊಳಗೆ ತಿಳಿಸಿದರೆ ಮುಂಗಡ ಪೂರ್ತಿ ವಾಪಸ್. ವಾಪಸ್ ಟಿಕೆಟ್ ಇನ್ನೂ ತೆಗೆಸದವರು, ಹೆಚ್ಚಾದ ಒಂದು ದಿನದ ಜೊತೆ ಇನ್ನೊಂದು ದಿನ ಕೈಯಲ್ಲಿರಲಿ ಎಂದು, ಹಳೆಯ ಪಟ್ಟಿಯ ದಿನಾಂಕಕ್ಕೆ ಎರಡು ದಿನ ಸೇರಿಸಿ ತೆಗೆಸಿ.

ಇಂತಿ,
ಕಾರ್ಯದರ್ಶಿ
ಚಾರಣ ಸಹಕಾರ ಸಂಘ, ಚಿಕ್ಕಮಗಳೂರು